ಹಾಳೆಯಲ್ಲಿಲ್ಲದ ಊರು

ಹಳೆಯ ಪುಸ್ತಕವನ್ನು ಮತ್ತೆ ಓದಬೇಡ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ ಅನ್ನಿ. ಬೇಡ ಅಂದದ್ದನ್ನೇ ಮಾಡುವುದು ನಮ್ಮ ಮನೆಯವರ ಗುಣ. ಬೀಡಿ ಬಿಡಲೇಬೇಕು ಎಂದು ಡಾಕ್ಟರು ಹೇಳಿದ ದಿನ ನಮ್ಮಪ್ಪ ಆಸ್ಪತ್ರೆಯ ಗೇಟಿನ ಹತ್ತಿರವೇ ಒಂದು ಹಚ್ಚಿ, "ಹೆಂಗೆ ಬಿಡೋದು ಅಂತ ಯೋಚನೆ ಮಾಡ್ಬೇಕಲ್ಲ, ಅದಕ್ಕೆ" ಅಂದಿದ್ದರಂತೆ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ದಿನ ಶಿವಮೊಗ್ಗದ ಗಾಂಧಿ ಬಜಾರಿಗೆ ಹೂವು ತರಲು ಹೋಗಿದ್ದೆ. ರಸ್ತೆ ಪಕ್ಕದಲ್ಲಿ ಒಬ್ಬ ಟಾರ್ಪಾಲು ಹಾಸಿ ಹಳೇ ಪುಸ್ತಕ ಹರಡಿಕೊಂಡು ಕೂತಿದ್ದ. ಕಾಲೇಜಿನ ಗೈಡುಗಳು, ಉಪ್ಪಿನಕಾಯಿ ಮಾಡುವ ವಿಧಾನ, ಮೂವತ್ತು ದಿನದಲ್ಲಿ ಇಂಗ್ಲಿಷ್. ಅವುಗಳ ನಡುವೆ ಒಂದು ಪುಸ್ತಕದ ರಟ್ಟಿನ ಮೇಲೆ ಉಡದ ಬೆನ್ನೇರಿ ಕೂತ ಹುಡುಗಿಯ ಚಿತ್ರ. ಹುಡುಗಿಯ ಎರಡು ಜಡೆ ಗಾಳಿಗೆ ಹಿಂದಕ್ಕೆ ಹಾರಿವೆ. ಉಡದ ನಾಲಗೆ ಹೊರಗಿದೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹೂವು ಮರೆತೇಹೋಯಿತು. ಮನೆಗೆ ಬಂದಾಗ ನಮ್ಮವರು ನನ್ನ ಕೈ ನೋಡಿ, "ಮಲ್ಲಿಗೆ ತರ್ತೀನಿ ಅಂತ ಹೋಗಿ ಗೆದ್ದಲು ತಂದಿದೀಯಲ್ಲ ಮಾರಾಯ್ತಿ" ಅಂದರು.

ಆ ಪುಸ್ತಕ ನಮ್ಮ ಬಾಲ್ಯದ ಪುಸ್ತಕ. ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಾವು ಮಕ್ಕಳೆಲ್ಲ ಅದನ್ನು 'ಉಡದ ಪುಸ್ತಕ' ಅನ್ನುತ್ತಿದ್ದೆವು. ಯಾಕೆಂದರೆ ನಮ್ಮ ಪ್ರತಿಗೆ ರಟ್ಟು ಇರಲಿಲ್ಲ, ಹೆಸರೂ ಇರಲಿಲ್ಲ. ಇದೇ ಚಿತ್ರ ಒಳಗೊಂದು ಹಾಳೆಯಲ್ಲಿ ಕಪ್ಪುಬಿಳುಪಿನಲ್ಲಿತ್ತು, ಅಷ್ಟೆ. ಈಗ ನೋಡಿದರೆ ಅದರ ನಿಜವಾದ ಹೆಸರು 'ನಿದ್ರಾಪಹರಣ'! ಸಲುಗೆಯಿಂದ ಪುಟ್ಟಿ ಎಂದು ಕರೆಯುತ್ತಿದ್ದ ಗೆಳತಿಯನ್ನು ಎಷ್ಟೋ ವರ್ಷದ ಮೇಲೆ ಕಂಡು, ಅವಳ ಹೆಸರು ಮಹಾಲಕ್ಷ್ಮೀದೇವಮ್ಮ ಎಂದು ತಿಳಿದಂತಾಯಿತು. ಬರೆದವರ ಹೆಸರಿದ್ದ ಜಾಗವನ್ನು ಹುಳು ತಿಂದಿತ್ತು.

ಕಥೆ ಇಷ್ಟೇ. ಒಬ್ಬ ರಾಕ್ಷಸ ಒಂದು ಊರಿನವರ ನಿದ್ದೆಯನ್ನೆಲ್ಲ ಕದ್ದು ತಾಮ್ರದ ಹಂಡೆಯಲ್ಲಿ ತುಂಬಿ ಮುಚ್ಚಳ ಬಿಗಿದು ಇಟ್ಟಿದ್ದಾನೆ. ಮಿಂಚಿ ಎಂಬ ಹುಡುಗಿ ಮಾತಾಡುವ ಉಡದ ಮೇಲೆ ಕೂತು ಆ ಹಂಡೆ ಹುಡುಕಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಹಿಮ್ಮುಖವಾಗಿ ನಡೆಯುವವರ ಊರು, ಕನ್ನಡಿಗಳ ಊರು, ಹೀಗೆ ವಿಚಿತ್ರ ವಿಚಿತ್ರ ಊರುಗಳು ಸಿಕ್ಕುತ್ತವೆ.

ನೀವು ನಗಬಹುದು. ನಮಗೆ ಮಾತ್ರ ಅದು ಕಥೆಯಾಗಿರಲಿಲ್ಲ, ಸುದ್ದಿಯಾಗಿತ್ತು. ನಮ್ಮ ಸಾಲಿನ ಅಪ್ಪಂದಿರೆಲ್ಲ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದಾಗ ಅವರ ಕಣ್ಣು ಹೇಗಿರುತ್ತಿತ್ತೆಂದರೆ, ನಿದ್ದೆಯನ್ನು ಯಾರೋ ಕದ್ದಿದ್ದಾರೆ ಎಂದು ನಂಬಲು ಪುಸ್ತಕವೇ ಬೇಕಿರಲಿಲ್ಲ. ಅಪ್ಪ ಒದ್ದೆ ಟವೆಲು ಮುಖದ ಮೇಲೆ ಹಾಕಿಕೊಂಡು ನಡುಹಗಲಲ್ಲಿ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ನಮ್ಮ ಸಾಲಿನಲ್ಲಿ ಪಾತ್ರೆ ಬೀಳುವಂತಿರಲಿಲ್ಲ, ಮಕ್ಕಳು ಕೆಮ್ಮುವಂತಿರಲಿಲ್ಲ.

ನಮ್ಮನ್ನೆಲ್ಲ ಸುಮ್ಮನಿರಿಸುವ ಕೆಲಸ ಪಕ್ಕದ ಮನೆಯ ವಸಂತಕ್ಕನದು. ಅವರದು ತಮಿಳು ಮನೆಮಾತು. ಅವಳು ಹುಟ್ಟಿದ್ದು ಭದ್ರಾವತಿಯಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲೇ. ಆಗ ಹೈಸ್ಕೂಲಿನ ಹುಡುಗಿ. ಮಧ್ಯಾಹ್ನ ಅವರ ಮನೆಯ ಮೆಟ್ಟಿಲ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಉಡದ ಪುಸ್ತಕ ಓದುತ್ತಿದ್ದಳು, ಅದೂ ಪಿಸುದನಿಯಲ್ಲಿ. ರಾಕ್ಷಸ ಗರ್ಜಿಸಿದನು ಎಂಬುದನ್ನೂ ಪಿಸುಗುಟ್ಟಿಯೇ ಓದಬೇಕು. ಗರ್ಜಿಸುವ ರಾಕ್ಷಸನಿಗಿಂತ ಪಿಸುಗುಟ್ಟುವ ರಾಕ್ಷಸ ಎಷ್ಟು ಭಯಂಕರ ಎಂಬುದು ಕೇಳಿದವರಿಗೇ ಗೊತ್ತು.

ಎಲ್ಲ ಊರುಗಳಿಗಿಂತ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತದ್ದು ಒಂದು ಊರು. ಕನ್ನಡಿಗಳ ಊರು ದಾಟಿದ ಮೇಲೆ ಬರುವ ಊರು. ಮಿಂಚಿಯು ಬೆಂಕಿ ಆರಿದ ಊರಿಗೆ ಬಂದಳು ಎಂದು ಶುರುವಾಗುತ್ತದೆ. ಅಲ್ಲಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಪ್ರತಿ ಬಾಗಿಲ ಮೇಲೂ ಒಂದು ಅಂಕಿ. ಬಾಗಿಲುಗಳು ತೆರೆದಿವೆ, ಒಳಗೆ ಯಾರೂ ಇಲ್ಲ. ಅಡುಗೆಮನೆಯ ಗೋಡೆ ಸೀಳಿಕೊಂಡು ಮರ ಬೆಳೆದಿದೆ. ದಿನವೂ ಊದುತ್ತಿದ್ದ ಕೊಂಬು ಊದುವುದಿಲ್ಲ. ಕೊನೆಯ ಮನೆಯ ಮುಂದೆ ಒಬ್ಬ ಮುದುಕಿ ಕೂತಿದ್ದಾಳೆ. ಮಿಂಚಿಯನ್ನು ನೋಡಿ ತಲೆಯೆತ್ತಿ ಕೇಳುತ್ತಾಳೆ, "ನೀನು ಯಾರ ಪೈಕಿ?" ಮಿಂಚಿ ಊರು ಹೇಳುತ್ತಾಳೆ, ಹೆಸರು ಹೇಳುತ್ತಾಳೆ. ಮುದುಕಿ ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಮತ್ತೆ ಕೇಳುತ್ತಾಳೆ, "ನೀನು ಯಾರ ಪೈಕಿ?" ಕೊನೆಗೆ ಮಿಂಚಿ ಅವಳ ಪಕ್ಕದಲ್ಲೇ ಕೂತು, ಕೈ ಹಿಡಿದುಕೊಂಡು, "ನಾನು ನಿಮ್ಮ ಪೈಕಿನೇ" ಅನ್ನುತ್ತಾಳೆ. ಆಗ ಮುದುಕಿ ನಗುತ್ತಾಳೆ.

ಈ ಪುಟ ನನಗೆ ಎಷ್ಟು ಉಪಕಾರ ಮಾಡಿದೆ ಎಂದು ಹೇಳಲಾರೆ. ನಮ್ಮಮ್ಮ ತನ್ನ ಕೊನೆಯ ವರ್ಷಗಳನ್ನು ಶಿವಮೊಗ್ಗದಲ್ಲಿ ನಮ್ಮ ಮನೆಯಲ್ಲೇ ಕಳೆದಳು. ಮೊದಲು ಕನ್ನಡಕ ಮರೆತಳು, ಆಮೇಲೆ ಹಾಲು ಒಲೆಯ ಮೇಲಿರುವುದನ್ನು ಮರೆತಳು, ಆಮೇಲೆ ಅಪ್ಪ ಹೋಗಿಬಿಟ್ಟಿದ್ದಾರೆ ಎಂಬುದನ್ನು ಮರೆತಳು. ಒಂದು ಬೆಳಿಗ್ಗೆ ನಾನು ಕಾಫಿ ಲೋಟ ಕೈಗೆ ಕೊಟ್ಟಾಗ ಬಹಳ ಮರ್ಯಾದೆಯಿಂದ, ಮದುವೆ ಮನೆಯಲ್ಲಿ ಹೊಸಬರನ್ನು ವಿಚಾರಿಸುವ ಹಾಗೆ, "ನೀವು ಯಾರ ಪೈಕಿ?" ಅಂದಳು.

ಮರುಕ್ಷಣವೇ ಅನ್ನಿಸಿತು, ಇದು ನನಗೆ ಗೊತ್ತಿದೆಯಲ್ಲ, ಇದನ್ನು ನಾನು ಓದಿದ್ದೇನಲ್ಲ! ಪಕ್ಕದಲ್ಲಿ ಕೂತೆ. ಕೈ ಹಿಡಿದುಕೊಂಡೆ. "ನಾನು ನಿಮ್ಮ ಪೈಕಿನೇ" ಅಂದೆ. ಅಮ್ಮ ನಕ್ಕಳು. "ಹಾಗಾದ್ರೆ ಸರಿ" ಎಂದು ಕಾಫಿ ಕುಡಿದಳು. ಅವಳು ಹೋಗುವ ತನಕ ಆ ಪ್ರಶ್ನೆಗೆ ನಾನು ಕೊಟ್ಟದ್ದು ಅದೊಂದೇ ಉತ್ತರ. ಒಂದು ಸಲವೂ ಅದು ಸುಳ್ಳಾಗಲಿಲ್ಲ.

ಹಾಗಾಗಿ ಪುಸ್ತಕ ಕೈಗೆ ಸಿಕ್ಕಾಗ ಮೊದಲಿನಿಂದ ಓದುವ ತಾಳ್ಮೆ ನನಗೆಲ್ಲಿ? ನಮ್ಮವರು ಊಟವಾಗಿ ಮಲಗಿದ ಮೇಲೆ ಕಿಟಕಿಯ ಹತ್ತಿರ ಕೂತು ನೇರವಾಗಿ ಕನ್ನಡಿಗಳ ಊರಿಗೆ ಹೋದೆ. ಅದರ ಕೊನೆಯ ಸಾಲಿನಲ್ಲಿ ಮಿಂಚಿ ದೊಡ್ಡ ಕನ್ನಡಿಯ ಚೌಕಟ್ಟು ದಾಟುತ್ತಾಳೆ. ಹಾಳೆ ಮಗುಚಿದೆ. ಮುಂದಿನ ಅಧ್ಯಾಯದಲ್ಲಿ ರಾಕ್ಷಸನ ಗುಹೆ, ತಾಮ್ರದ ಹಂಡೆ.

ಬೆಂಕಿ ಆರಿದ ಊರು ಇರಲಿಲ್ಲ.

ಹಾಳೆ ಹರಿದಿರಬೇಕು ಎಂದುಕೊಂಡು ಪುಟದ ಸಂಖ್ಯೆ ನೋಡಿದೆ. ಒಂದೂ ತಪ್ಪಿಲ್ಲ. ಅಧ್ಯಾಯಗಳ ಸಂಖ್ಯೆಯೂ ಸರಿಯಾಗಿದೆ. ಮೊದಲಿನಿಂದ ಕೊನೆಯವರೆಗೆ ಕೂತು ಓದಿದೆ. ಹಿಮ್ಮುಖ ನಡೆಯುವವರು ಇದ್ದರು, ಉಡದ ಜೋಕುಗಳಿದ್ದವು. ಆ ಜೋಕುಗಳು ಎಷ್ಟು ಸಪ್ಪೆ ಎಂಬುದು ಈಗ ಗೊತ್ತಾಯಿತು, ಅದು ಬೇರೆ ದುಃಖ. ಮುದುಕಿ ಮಾತ್ರ ಎಲ್ಲೂ ಇರಲಿಲ್ಲ.

"ಬೇರೆ ಯಾವ್ದೋ ಪುಸ್ತಕದ್ದು ಇರ್ಬೇಕು" ಅಂದರು ನಮ್ಮವರು, ಎದ್ದು ಬಂದ ಮೇಲೆ.

"ನಮ್ಮ ಮನೇಲಿ ಬೇರೆ ಪುಸ್ತಕ ಎಲ್ಲಿತ್ರೀ? ಪಂಚಾಂಗ ಒಂದಿತ್ತು."

"ಹಾಗಾದ್ರೆ ನೀನೇ ಕಲ್ಪನೆ ಮಾಡ್ಕೊಂಡಿದೀಯ."

ಅವರು ಸುಮ್ಮನೆ ಅಂದ ಮಾತು. ನನಗೆ ಅದು ಚುಚ್ಚಿಕೊಂಡಿತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಅರ್ಧ ಊರಿನ ನಂಬರು ನನಗೆ ಬಾಯಿಪಾಠ. ಜ್ಞಾಪಕಶಕ್ತಿಯ ವಿಷಯದಲ್ಲಿ ನನ್ನಷ್ಟು ಜಂಬದವಳು ಶಿವಮೊಗ್ಗದಲ್ಲಿ ಇರಲಿಕ್ಕಿಲ್ಲ. ಆದರೆ ಇತ್ತೀಚೆಗೆ ಫ್ರಿಜ್ ಬಾಗಿಲು ತೆಗೆದು ಯಾಕೆ ತೆಗೆದೆ ಎಂದು ನಿಲ್ಲುವುದು, ಮಗಳಿಗೆ ಫೋನು ಮಾಡಿ ನಾದಿನಿಯ ಹೆಸರು ಹಿಡಿದು ಕರೆಯುವುದು ಶುರುವಾಗಿತ್ತು. ಎಲ್ಲರಿಗೂ ಆಗುತ್ತದೆ ಅನ್ನುತ್ತೀರಿ. ನಿಜ. ಆದರೆ ಎಲ್ಲರೂ ನನ್ನ ಅಮ್ಮನ ಮಕ್ಕಳಲ್ಲವಲ್ಲ. ಅಮ್ಮನಿಗೂ ಮೊದಮೊದಲು ಹೀಗೆಯೇ, ಆಗದೇ ಇದ್ದದ್ದು ಆದಂತೆ ಜ್ಞಾಪಕ ಬರುತ್ತಿತ್ತು. ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿದ ಊರೇ ಇಲ್ಲವೆಂದರೆ, ನನ್ನ ತಲೆಯಲ್ಲಿ ಇನ್ನೇನೇನು ಇಲ್ಲದ್ದು ಇರಬಹುದು?

ಮರುದಿನವೇ ಭದ್ರಾವತಿಯ ಬಸ್ಸು ಹತ್ತಿದೆ. ಹಳೇನಗರದಲ್ಲಿ ನಮ್ಮಣ್ಣ ಇದ್ದಾನೆ. ಅಪ್ಪನ ಕಾರ್ಖಾನೆಯಲ್ಲೇ ದುಡಿದು ನಿವೃತ್ತನಾದವನು. ಅತ್ತಿಗೆ ತೀರಿಹೋದ ಮೇಲೆ ಒಬ್ಬನೇ, ಅಡುಗೆ ಮಾಡಿಕೊಂಡು, ಬೆಕ್ಕಿನ ಜೊತೆ ಜಗಳವಾಡಿಕೊಂಡು ಇರುತ್ತಾನೆ. ನನಗಿಂತ ಐದಾರು ವರ್ಷಕ್ಕೆ ದೊಡ್ಡವನು. ಆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತು ಕಥೆ ಕೇಳಿದವನು.

ಪುಸ್ತಕ ನೋಡಿ ಅವನ ಮುಖ ಅರಳಿತು. ಉಡದ ಚಿತ್ರದ ಮೇಲೆ ಬೆರಳಾಡಿಸಿದ. "ಅಯ್ಯೋ, ಇದು ಇನ್ನೂ ಇದೆಯೇನೇ!"

"ಅಣ್ಣ, ಇದ್ರಲ್ಲಿ ಬೆಂಕಿ ಆರಿದ ಊರು ಅಂತ ಒಂದು ಇತ್ತಲ್ಲ?" ಅಂದೆ.

ಅವನ ಬೆರಳು ನಿಂತಿತು.

"ಇಲ್ಲ" ಅಂದ.

"ಅದೇ ಕಣೋ, ಮುದುಕಿ ಕೂತಿರ್ತಾಳೆ, ಯಾರ ಪೈಕಿ ಯಾರ ಪೈಕಿ ಅಂತ…"

"ಅಂಥದ್ದೇನೂ ಇರ್ಲಿಲ್ಲ ಅಂದ್ನಲ್ಲ. ಊಟ ಮಾಡಿ ಹೋಗು. ಹುರುಳಿಕಾಳಿನ ಸಾರು ಮಾಡಿದೀನಿ."

ಒಬ್ಬ ಮನುಷ್ಯನಿಗೆ ಒಂದು ವಿಷಯ ಜ್ಞಾಪಕವಿಲ್ಲದಿದ್ದರೆ ಅವನು ಸ್ವಲ್ಪ ಹೊತ್ತು ಯೋಚಿಸುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ. ಅಣ್ಣ ಯೋಚಿಸಲೇ ಇಲ್ಲ. ಊಟದ ಉದ್ದಕ್ಕೂ ಬೆಕ್ಕಿನ ವಿಷಯವನ್ನೇ ಮಾತಾಡಿದ. ನಾನು ಚಪ್ಪಲಿ ಮೆಟ್ಟುವಾಗ ನನ್ನ ಮುಖ ನೋಡಿ ಏನನ್ನಿಸಿತೋ, "ಯಾಕೆ ಅಷ್ಟು ಬಾಡಿದೀಯ?" ಅಂದ.

"ಅಮ್ಮಂಗೆ ಆದ ಹಾಗೆ ನಂಗೂ ಆಗ್ತಿದೆಯಾ ಅಂತ ಭಯ ಕಣೋ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ವಸಂತನ್ನ ಕೇಳು. ಮಲವಗೊಪ್ಪದಲ್ಲಿ ಮಗಳ ಮನೇಲಿದಾಳೆ. ಬಸ್‌ಸ್ಟಾಪ್ ಎದುರಿಗಿನ ಟೈಲರ್ ಅಂಗಡಿ ಅವಳ ಮಗಳದೇ" ಅಂದು ಒಳಗೆ ಹೋದ.

ಮಲವಗೊಪ್ಪ ನಾನು ವಾಪಸು ಹೋಗುವ ದಾರಿಯಲ್ಲೇ ಇದೆ. ಆದರೆ ಬೇಡ ಅಂದದ್ದನ್ನು ಮಾಡುವ ಕಾಲುಗಳು ಮೊದಲು ನ್ಯೂ ಟೌನಿನ ಆಟೋ ಹತ್ತಿದವು.

ಮದುವೆಯಾದ ಮೇಲೆ ನಾನು ನಮ್ಮ ಕ್ವಾರ್ಟರ್ಸಿನ ಕಡೆಗೆ ಹೋಗಿರಲೇ ಇಲ್ಲ. ಅದೇ ವರ್ಷ ಅಪ್ಪ ನಿವೃತ್ತರಾಗಿ ಮನೆ ಬಿಟ್ಟುಕೊಟ್ಟಿದ್ದರು, ಮತ್ತೆ ಅಲ್ಲಿ ನಮಗೇನು ಕೆಲಸ? ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿದೆ, ಎಷ್ಟೋ ಕ್ವಾರ್ಟರ್ಸು ಖಾಲಿ ಬಿದ್ದಿವೆ ಎಂದು ಕೇಳಿದ್ದೆ. ಕೇಳುವುದು ಬೇರೆ. ಮುಖ್ಯರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಟೀ ಅಂಗಡಿಯಿತ್ತು, ಹುಡುಗಿಯರು ಸ್ಕೂಟಿಯಲ್ಲಿ ಹೋಗುತ್ತಿದ್ದರು. ನಮ್ಮ ಸಾಲಿಗೆ ತಿರುಗಿದ ಕೂಡಲೇ ಎಲ್ಲಾ ಸದ್ದೂ ನಿಂತುಹೋಯಿತು.

ಒಂದೇ ಅಚ್ಚಿನ ಮನೆಗಳು. ಕೆಲವು ಬಾಗಿಲು ತೆರೆದಿದ್ದವು, ಕೆಲವಕ್ಕೆ ಬಾಗಿಲೇ ಇರಲಿಲ್ಲ. ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳು ಮಾತ್ರ ನಿನ್ನೆ ಬರೆದಷ್ಟು ಸ್ಪಷ್ಟವಾಗಿದ್ದವು. ನಮ್ಮ ಮನೆಯ ಒಳಗೆ ಇಣುಕಿದೆ. ಅಡುಗೆಮನೆಯ ಗೋಡೆಯಲ್ಲಿ ಹುಟ್ಟಿದ ಅರಳಿ ಗಿಡ ಮರವಾಗಿ, ಚಾವಣಿಯ ಹೆಂಚು ಸರಿಸಿಕೊಂಡು ಮೇಲಕ್ಕೆ ಹೋಗಿತ್ತು. ಅಮ್ಮನ ಒಲೆಕಟ್ಟೆಯ ಮೇಲೆ ಬೇರು ಇಳಿಬಿದ್ದಿತ್ತು.

ಹುಟ್ಟಿ ಬೆಳೆದ ಮನೆಯನ್ನು ಈ ಸ್ಥಿತಿಯಲ್ಲಿ ನೋಡಿದರೆ ಅಳು ಬರಬೇಕು. ನನಗೆ ಬರಲಿಲ್ಲ. ಹೇಳಿದರೆ ನಂಬುತ್ತೀರೋ ಇಲ್ಲವೋ, ಆ ಬಾಗಿಲಲ್ಲಿ ನಿಂತಾಗ ನನಗೆ ಜ್ಞಾಪಕಕ್ಕೆ ಬಂದದ್ದು ಬಾಲ್ಯದ ಮನೆ ಅಲ್ಲ. ಆ ಮರವನ್ನು ನಾನು ಮೊದಲೇ ನೋಡಿದ್ದೆ. ಆ ಬೇರು ಇಳಿಬಿದ್ದ ರೀತಿಯನ್ನೂ ನೋಡಿದ್ದೆ. ಮಿಂಚಿಯ ಜೊತೆ, ಬೆಂಕಿ ಆರಿದ ಊರಿನಲ್ಲಿ. ಕಾರ್ಖಾನೆಯ ಮಧ್ಯಾಹ್ನದ ಪಾಳಿಯ ಸೈರನ್ ಕೂಗುವ ಹೊತ್ತು. ಕಿವಿ ತಾನಾಗಿಯೇ ಕಾಯಿತು. ಏನೂ ಕೂಗಲಿಲ್ಲ.

ಸಾಲಿನ ಕೊನೆಯ ಮನೆಯ ಮುಂದೆ ಕಟ್ಟೆಯಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಇಲ್ಲ ಎಂದು ಗೊತ್ತಿದ್ದೂ ನಾನು ಅಲ್ಲಿಯತನಕ ಹೋಗಲಿಲ್ಲ. ಆಟೋದವನು, "ಏನಮ್ಮಾ, ಮನೆ ಹುಡುಕ್ತಿದೀರಾ? ಇಲ್ಲಿ ಯಾರೂ ಇಲ್ಲ" ಎಂದು ಕೂಗಿದ. ಅವನ ದನಿ ಕೇಳಿ ನನಗೆ ಆದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮಲವಗೊಪ್ಪದಲ್ಲಿ ವಸಂತಕ್ಕ ಮಗಳ ಅಂಗಡಿಯ ಹಿಂದಿನ ಕೋಣೆಯಲ್ಲಿ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಬಾಗಿಲಲ್ಲಿ ನಿಂತದ್ದೇ ತಡ, "ಸುಮಿ ಕಣ್ಣು!" ಅಂದಳು. ತಮಿಳಿನಲ್ಲಿ ಕಣ್ಣು ಅಂದರೆ ಮುದ್ದಿನ ಮಾತು. ಚಿಕ್ಕವಳಿದ್ದಾಗ ನಾನು ಅದನ್ನು ನನ್ನ ಕಣ್ಣಿಗೆ ಏನೋ ಆಗಿದೆ ಎಂದು ತಿಳಿದು ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಕಾಫಿಯಾಯಿತು, ಮಕ್ಕಳುಮರಿಗಳ ಸಮಾಚಾರವಾಯಿತು. ಪುಸ್ತಕ ತೆಗೆದು ಅವಳ ಮಡಿಲಿಗಿಟ್ಟೆ. ಅವಳು ಮೂಸಿ ನೋಡಿದಳು. "ನಮ್ದು ಸೀಮೆಎಣ್ಣೆ ವಾಸನೆ ಬರ್ತಿತ್ತು" ಎಂದು ನಕ್ಕಳು.

"ವಸಂತಕ್ಕ, ಬೆಂಕಿ ಆರಿದ ಊರು ಎಲ್ಲಿ? ಅದು ನೀನು ಸೇರಿಸಿ ಓದಿದ್ದಾ?"

ಅವಳು ನಗು ನಿಲ್ಲಿಸಿ, ಸೂಜಿಯನ್ನು ರವಿಕೆಗೆ ಚುಚ್ಚಿಟ್ಟಳು. ಎದ್ದು ಹೋಗಿ ಅಂಗಡಿಯ ಕಡೆಯ ಬಾಗಿಲು ಮುಂದೆ ಮಾಡಿಕೊಂಡು ಬಂದಳು.

"ನಿಮ್ಮಮ್ಮ ಇದಾರಾ?" ಅಂದಳು.

"ಇಲ್ಲ. ಹೋಗಿ ನಾಲ್ಕು ವರ್ಷ ಆಯ್ತು."

"ಹಾಗಾದ್ರೆ ಹೇಳ್ಬಹುದು. ಅದನ್ನ ನಾನು ಓದ್ಲಿಲ್ಲ ಕಣ್ಣು. ನೀನೇ ಓದಿದ್ದು."

ನನಗೆ ಅರ್ಥವಾಗಲಿಲ್ಲ. "ನಂಗಾಗ ಓದೋಕೆ ಬರ್ತಿತ್ತಾ?"

"ಅದೇ ಮತ್ತೆ. ಇನ್ನೂ ಸ್ಕೂಲಿಗೇ ಸೇರಿರ್ಲಿಲ್ಲ ನೀನು. ಅ ಆ ಇ ಈ ಸಹ ಬರ್ತಿರ್ಲಿಲ್ಲ."

ಅವಳು ಹೇಳಿದ್ದು ಹೀಗೆ. ನನಗೆ ಆಗ ಜ್ವರ. ಮನೆಯಲ್ಲಿ ಮಲಗು ಅಂದರೂ ಕೇಳದೆ, ಚಾದರ ಸುತ್ತಿಕೊಂಡು ಅಣ್ಣನ ಜೊತೆ ಕಥೆಗೆ ಬಂದಿದ್ದೆ. ವಸಂತಕ್ಕ ಕನ್ನಡಿಗಳ ಊರು ಮುಗಿಸಿ, ಮಿಕ್ಕದ್ದು ನಾಳೆ ಎಂದು ಪುಸ್ತಕ ಮುಚ್ಚಿದಳು. ಮಕ್ಕಳೆಲ್ಲ ಏಳುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ನಾನು ಮುಂದಕ್ಕೆ ಶುರು ಮಾಡಿದೆನಂತೆ.

"ನಿನ್ನ ದನಿಯಲ್ಲಿ ಅಲ್ಲ ಕಣ್ಣು. ನಾನು ಓದ್ತಿದ್ನಲ್ಲ, ಆ ಪಿಸುದನಿಯಲ್ಲೇ. ಮಿಂಚಿಯು ಬಂದಳು, ನೋಡಿದಳು, ಕುಳಿತಳು ಅಂತ ಪುಸ್ತಕದ ಭಾಷೆ. ನೀನು ಮನೇಲಿ 'ರೊಟ್ಟಿ' ಅನ್ನೋಕೂ 'ಲೊಟ್ಟಿ' ಅಂತಿದ್ದೆ. ಆವತ್ತು ಒಂದಕ್ಷರ ತಪ್ಪಿಲ್ಲ. ಕಣ್ಣು ತೆರೆದೇ ಇತ್ತು. ಎಲ್ಲೋ ಬರ್ದಿರೋದನ್ನ ಸಾಲು ಹಿಡ್ಕೊಂಡು ಓದೋ ಹಾಗೆ ಎಡದಿಂದ ಬಲಕ್ಕೆ ಓಡ್ತಿತ್ತು. ಮನೆಗಳೆಲ್ಲ ಖಾಲಿ ಅಂದೆ, ಅಡುಗೆಮನೇಲಿ ಮರ ಅಂದೆ, ಕೊಂಬು ಊದಲ್ಲ ಅಂದೆ. ನಮಗೆಲ್ಲ ಎದ್ದು ಓಡ್ಬೇಕು ಅನ್ಸಿದ್ರೂ ಕಾಲು ಬರ್ಲಿಲ್ಲ."

"ಅಮ್ಮ?"

"ನಿನ್ನ ಹುಡುಕ್ಕೊಂಡು ಬಂದಿದ್ರು. ಮೆಟ್ಟಿಲ ಕೆಳಗೆ ನಿಂತು ಕೇಳ್ತಾ ಇದ್ರು, ನಾವು ನೋಡಿರ್ಲಿಲ್ಲ. ನೀನು ಮುದುಕಿ ಹತ್ರ ಬಂದೆ. ಮುದುಕಿ ತಲೆಯೆತ್ತಿ ನೋಡಿದಳು ಅಂದೆ. ಹಾಗಂದವಳು ಕತ್ತು ತಿರುಗಿಸಿ ಸೀದಾ ನಿಮ್ಮಮ್ಮನ ಮುಖ ನೋಡಿದೆ. ನೋಡ್ಕೊಂಡೇ ಕೇಳಿದೆ, ನೀನು ಯಾರ ಪೈಕಿ ಅಂತ. ಮತ್ತೆ ಕೇಳಿದೆ. ನಿಮ್ಮಮ್ಮ ಬಾಯಿಗೆ ಸೆರಗು ಒತ್ಕೊಂಡು ಬಂದು ನಿನ್ನನ್ನ ಎತ್ಕೊಂಡು ಹೋಗ್ಬಿಟ್ರು. ಸಾಯಂಕಾಲ ಉಪ್ಪು ಮೆಣಸಿನಕಾಯಿ ನಿವಾಳಿಸಿದ ಘಾಟು ನಮ್ಮನೆ ತನಕ ಬಂತು. ಆಮೇಲೆ ನನ್ನನ್ನೂ ನಿಮ್ಮಣ್ಣನ್ನೂ ದೇವರ ಮುಂದೆ ನಿಲ್ಲಿಸಿ, ಈ ಮಾತು ಇಲ್ಲಿಗೇ ಬಿಡ್ಬೇಕು, ಸುಮಿಗೆ ಯಾವತ್ತೂ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ರು."

ಹೊರಗೆ ಹೊಲಿಗೆ ಯಂತ್ರ ಓಡುತ್ತಿತ್ತು. ನನ್ನ ತಲೆ ಕೆಟ್ಟಿಲ್ಲ, ಆ ಊರು ನಿಜವಾಗಿಯೂ ಇತ್ತು ಎಂದು ನನಗೆ ಸಮಾಧಾನ ಆಗಬೇಕಿತ್ತು. ಆಯಿತು ಕೂಡ. ಬಹಳ ಸೆಖೆಯಲ್ಲಿ ಯಾರೋ ತಣ್ಣೀರು ಕೊಟ್ಟು, ಕುಡಿದ ಮೇಲೆ ಆ ನೀರು ಎಲ್ಲಿಯದೆಂದು ಹೇಳಿದರೆ ಹೇಗಿರುತ್ತದೋ, ಅಂಥ ಸಮಾಧಾನ.

"ಆಮೇಲೆ ಮಿಂಚಿ ಪಕ್ಕದಲ್ಲಿ ಕೂತು ನಿಮ್ಮ ಪೈಕಿನೇ ಅಂತಾಳಲ್ಲ, ಅದು?" ಎಂದು ಕೇಳಿದೆ.

ವಸಂತಕ್ಕ ತಲೆಯಾಡಿಸಿದಳು. "ಅದು ನಂಗೊತ್ತಿಲ್ಲ. ಯಾರ ಪೈಕಿ ಅನ್ನೋ ಹೊತ್ತಿಗೆ ನಿನ್ನನ್ನ ಎತ್ಕೊಂಡು ಹೋದ್ರಲ್ಲ. ಅಲ್ಲಿಗೇ ನಿಂತಿತ್ತು."

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಅಣ್ಣನಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ಕಾಯುತ್ತಲೇ ಇದ್ದ ಅಂತ ಕಾಣುತ್ತದೆ.

"ಹೇಳಿದ್ಲಾ?" ಅಂದ.

"ಹೇಳಿದ್ಲು. ಬೆಳಿಗ್ಗೆ ನೀನ್ಯಾಕೋ ಸುಳ್ಳು ಹೇಳ್ದೆ?"

"ಅಮ್ಮನ ಆಣೆ ಕಣೇ. ವಸಂತಂಗೆ ಪರವಾಗಿಲ್ಲ, ಅವಳು ಹೊರಗಿನವಳು. ನಾನು ಹೆಂಗೆ ಹೇಳ್ಲಿ?" ಆಮೇಲೆ ಅವನೇ ಅಂದ, "ಅಮ್ಮಂಗೆ ಅದು ಮರೆತೇ ಇರ್ಲಿಲ್ಲ ಸುಮಿ. ಮೊದಲ ಸಲ ನನ್ನ ಹೆಸರು ಬಾಯಿಗೆ ಬರ್ದೇ ತಡವರಿಸಿದಾಗ ನನ್ನ ಕೈ ಹಿಡ್ಕೊಂಡು ಏನಂದ್ಲು ಗೊತ್ತಾ? 'ಸುಮಿ ಓದಿದ್ದು ಬಂತು ಕಣೋ' ಅಂದ್ಲು. ನಿನ್ನ ಮನೆಗೆ ಬರೋಕೆ ಮುಂಚೆ."

ಅಮ್ಮ ನನ್ನ ಮನೆಯ ಹೊಸ್ತಿಲು ದಾಟಿದಾಗಲೇ, ಮುಂದೊಂದು ದಿನ ಈ ಮಗಳನ್ನೇ ನೀನು ಯಾರೆಂದು ಕೇಳಲಿದ್ದೇನೆ ಎಂದು ತಿಳಿದುಕೊಂಡೇ ಬಂದಿದ್ದಳು. ಒಂದು ದಿನವೂ ತುಟಿ ಬಿಚ್ಚಲಿಲ್ಲ.

"ಕೊನೆ ಎಲ್ಲಿಂದ ಬಂತು ಅಣ್ಣ? ನಿಮ್ಮ ಪೈಕಿನೇ ಅನ್ನೋದು?"

"ಅದು ಅಮ್ಮನೇ ಹೇಳಿದ್ದು. ಆವತ್ತು ಜ್ವರ ಏರಿ ನೀನು ಒಂದೇ ಸಮ ಅಳ್ತಿದ್ದೆ. 'ಆ ಅಜ್ಜಿ ಕೇಳ್ತಾನೇ ಇದಾಳೆ, ಏನು ಹೇಳ್ಲಿ, ಏನು ಹೇಳ್ಲಿ' ಅಂತ. ದೃಷ್ಟಿ ತೆಗೆದ್ರೂ ನಿಲ್ಲಿಲ್ಲ. ಆಮೇಲೆ ಅಮ್ಮ ನಿನ್ನ ತೊಡೆ ಮೇಲೆ ಹಾಕ್ಕೊಂಡು ಹೇಳಿದ್ಲು. 'ಭಯ ಪಡ್ಬೇಡ ಮಗಾ. ಪಕ್ಕದಲ್ಲಿ ಕೂತ್ಕೋ. ಕೈ ಹಿಡ್ಕೋ. ನಿಮ್ಮ ಪೈಕಿನೇ ಅನ್ನು. ಆಗ ಅಜ್ಜಿ ನಗ್ತಾಳೆ' ಅಂತ. ನೀನು ಅದನ್ನೇ ಹೇಳ್ತಾ ಹೇಳ್ತಾ ನಿದ್ದೆ ಹೋದೆ. ಅಮ್ಮ ಮಾತ್ರ ಆವತ್ತು ಊಟ ಮಾಡ್ಲಿಲ್ಲ."

ಶಿವಮೊಗ್ಗದ ಕಡೆಯ ಬಸ್ಸೊಂದು ಬಂದು ನಿಂತು ಹೋಯಿತು. ನಾನು ಹತ್ತಲಿಲ್ಲ. ಕಂಡಕ್ಟರು ವಿಚಿತ್ರವಾಗಿ ನೋಡಿದ. ಹಾಡುಹಗಲೇ ಬಸ್‌ಸ್ಟಾಪಿನಲ್ಲಿ ಕೂತು ಫೋನು ಹಿಡಿದು ಅಳುವ ಹೆಂಗಸಿನ ಬಗ್ಗೆ ಅವನು ಏನು ತಿಳಿದನೋ. ಎಪ್ಪತ್ತರ ಹತ್ತಿರ ಬಂದಿರುವ ಅಣ್ಣನೂ ಆ ಕಡೆಯಿಂದ ಮೂಗು ಎಳೆಯುತ್ತಿದ್ದ.

ಇನ್ನು ಫೋನು ಇಡಬೇಕು ಅನ್ನುವಾಗ ಅವನು, "ಸುಮಿ, ಒಂದು ಕೇಳ್ಲಾ?" ಅಂದ.

"ಕೇಳೋ."

"ಆ ಊರಲ್ಲಿ ನಾನೂ ಇದ್ನೇನೇ?"

ಎಷ್ಟು ವರ್ಷದಿಂದ ಆ ಪ್ರಶ್ನೆಯನ್ನು ಒಳಗಿಟ್ಟುಕೊಂಡಿದ್ದನೋ. ಅಕ್ಷರ ಬಾರದ ತಂಗಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹುಡುಗ ಅವನೇ ತಾನೆ. ನಾನು ಕಣ್ಣು ಮುಚ್ಚಿದೆ. ಸುಮ್ಮನೆ ಅಲ್ಲ, ನಿಜವಾಗಿಯೂ ನೋಡಿದೆ. ಮನೆಗಳ ಸಾಲು ಇತ್ತು. ಬಿಳಿ ಅಂಕಿಗಳಿದ್ದವು. ಕಟ್ಟೆಯ ಮೇಲೆ ಅಜ್ಜಿ ಇದ್ದಳು. ಅವಳ ಆಚೆ ಇನ್ನೊಂದು ಬಾಗಿಲಲ್ಲಿ ಯಾರೋ ಗಂಡಸು ನಿಂತಿದ್ದ. ಚೌಕಟ್ಟು ಹಿಡಿದುಕೊಂಡಿದ್ದ. ಮುಖ ನೆರಳಿನಲ್ಲಿತ್ತು.

"ಇಲ್ಲ ಕಣೋ, ನೀನಿರ್ಲಿಲ್ಲ" ಅಂದೆ.

"ಸರಿ ಬಿಡು" ಎಂದು ದೊಡ್ಡ ಉಸಿರು ಬಿಟ್ಟ. "ಸಾರು ಮಿಕ್ಕಿದೆ. ಬೆಕ್ಕಿಗೆ ಹಾಕಿದ್ರೆ ತಿನ್ನಲ್ಲ" ಅಂದು ಫೋನು ಇಟ್ಟ.

ಆಮೇಲಿನಿಂದ ನಾನು ವಾರಕ್ಕೊಮ್ಮೆಯಾದರೂ ಭದ್ರಾವತಿಗೆ ಹೋಗಿ ಬರುತ್ತೇನೆ. ಇದೇನು ಈ ವಯಸ್ಸಿನಲ್ಲಿ ತವರಿನ ಮೇಲೆ ಇಷ್ಟು ಪ್ರೀತಿ ಎಂದು ನಮ್ಮವರು ಹಾಸ್ಯ ಮಾಡುತ್ತಾರೆ. ಹುಣಿಸೆಹಣ್ಣು ಕೊಡೋದಿತ್ತು, ಬಟ್ಟೆ ಹೊಲಿಸೋದಿತ್ತು ಎಂದು ಏನಾದರೊಂದು ಹೇಳುತ್ತೇನೆ. ಹಳೇನಗರದ ಆ ಮನೆಯ ಮುಂದೆ ನಿಂತು ಚಿಲಕ ಬಡಿಯುತ್ತೇನೆ. ಒಳಗಿನಿಂದ ಕಾಲೆಳೆದುಕೊಂಡು ಬರುವ ಸದ್ದು ಕೇಳುತ್ತದೆ. ಬಾಗಿಲು ತೆಗೆದು ಅಣ್ಣ ಒಂದು ಗಳಿಗೆ ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡುತ್ತಾನೆ. ಆ ಒಂದು ಗಳಿಗೆ ನಾನು ಚಪ್ಪಲಿ ಬಿಡುವುದಿಲ್ಲ. ಅವನು "ಓ ಸುಮಿ, ಬಾರೇ" ಅಂದ ಮೇಲೇ ಬಿಡುತ್ತೇನೆ.